ಇದ್ದದ್ದು ಇದ್ದಂಗೆ ಹೇಳೋ ಹುಡುಗ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆದಿದ್ದು.)

ನನ್ನ ಹತ್ತಿರ ಸಲಹೆ ಕೇಳಲು ಬಂದವರು ಮೂವರು. 28 ವರ್ಷದ ಹುಡುಗ, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಅವನ ಅಮ್ಮ. ಜೊತೆಗೆ ಚಿಕ್ಕಪ್ಪ, ಅರವತ್ತು ದಾಟಿದವರು. ಇದ್ದ ಸಣ್ಣ ಅಂಗಡಿ ಮುಚ್ಚಿದ್ದಾರೆ, ಹೆಂಡತಿ ತೀರಿಕೊಂಡಿದ್ದಾರೆ, ಮಗಳಿಗೆ ಗಂಡು ನೋಡುತ್ತಿದ್ದಾರೆ. ಎಲ್ಲರೂ ಇರೋದು ಒಂದೇ ಮನೆಯಲ್ಲಿ.

ಜಗಳ ಹತ್ತಿದ್ದು ಒಂದು ವಿಡಿಯೋದಿಂದ. ಚಿಕ್ಕಪ್ಪ ಬೆಳಗ್ಗೆ ಪೂಜೆಗೆ ಕೂತಿದ್ದಾರೆ. ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಕನ್ನಡಕದ ಹುಡುಕಾಟ. ಕನ್ನಡಕ ಹಣೆ ಮೇಲೇ ಇದೆ. ಹುಡುಗ ಪಕ್ಕದಲ್ಲಿ ನಿಂತು ಮೊಬೈಲಲ್ಲಿ ಹಿಡಿದು, ಫೈಟ್ ಮ್ಯೂಸಿಕ್ ಸೇರಿಸಿ, "ದೇವರೇ, ಮೊದಲು ಇವರ ಕನ್ನಡಕ ಹುಡುಕಿಕೊಡಪ್ಪ" ಅಂತ ಬರೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಿದ. ನನಗೂ ತೋರಿಸಿದರು. ನಿಜ ಹೇಳಬೇಕೆಂದರೆ ನಗು ಬರುವ ಹಾಗೇ ಇತ್ತು. ಮಗಳನ್ನು ನೋಡಿಕೊಂಡು ಹೋಗಿದ್ದ ಗಂಡಿನ ಕಡೆಯವರೂ ನೋಡಿ ನಕ್ಕರು, ಫೋನ್ ಮಾಡಿ ಹೇಳಿಯೂ ಹೇಳಿದರು. ಅವತ್ತಿನಿಂದ ಚಿಕ್ಕಪ್ಪ ತಟ್ಟೆ ತೆಗೆದುಕೊಂಡು ತಮ್ಮ ರೂಮಿಗೆ ಹೋಗಿ ಒಬ್ಬರೇ ಉಣ್ಣುತ್ತಾರೆ.

ಹುಡುಗ ತಯಾರಾಗಿಯೇ ಬಂದಿದ್ದ. "ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ, ಹಂಗಾಯ್ತು ಮೇಡಂ. ಕುಜದೋಷ ಶಾಂತಿ ಅಂತ ಜ್ಯೋತಿಷಿಗೆ 45 ಸಾವಿರ ಕೊಟ್ಟಿದ್ದಾರೆ. ಕೇಳೋ ಹಕ್ಕು ನನಗಿಲ್ವಾ? ವಾಕ್ ಸ್ವಾತಂತ್ರ್ಯ ಇದೆ. ವೈಜ್ಞಾನಿಕ ಮನೋಭಾವ ಬೆಳೆಸೋದು ನಾಗರಿಕನ ಕರ್ತವ್ಯ ಅಂತ ಸಂವಿಧಾನದಲ್ಲೇ ಇದೆ. ಮೌಢ್ಯ ನಿಷೇಧ ಕಾಯ್ದೆಯೂ ಇದೆ."

ಇಂಥವರಿಗೆ ಕಾನೂನನ್ನು ಕಾನೂನಾಗಿಯೇ ವಿವರಿಸೋದು ಒಳ್ಳೆಯದು. ಇಲ್ಲದಿದ್ದರೆ ಅಜ್ಜಿ ಬುದ್ಧಿವಾದ ಅಂದುಕೊಳ್ಳುತ್ತಾರೆ. 2017ರ ಆ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಎಂಜಲೆಲೆ ಮೇಲೆ ಉರುಳುವುದು, ಬೆತ್ತಲೆ ಮೆರವಣಿಗೆ ಅಂಥವನ್ನು ಅದು ತಡೆಯುತ್ತದೆ. ಜ್ಯೋತಿಷ್ಯ, ವಾಸ್ತು ಅದರ ವ್ಯಾಪ್ತಿಯಲ್ಲಿಲ್ಲ. ವೈಜ್ಞಾನಿಕ ಮನೋಭಾವ ಇರುವುದು 51ಎ ವಿಧಿಯಲ್ಲಿ, ಹೌದು. ಆದರೆ ಅದೇ ಸಾಲಿನಲ್ಲಿ, ಅದರ ಪಕ್ಕದಲ್ಲೇ, ಮಾನವೀಯತೆಯೂ ಇದೆ. ಇನ್ನು ವಾಕ್ ಸ್ವಾತಂತ್ರ್ಯ. ಕಿರಿಕಿರಿ ಮಾಡುವ ಸಂದೇಶಕ್ಕೂ ಜೈಲು ಅಂತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಸರಿಯಾದ ತೀರ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಸಂವಿಧಾನದ 19ನೇ ವಿಧಿಯಲ್ಲೇ, ಮಾನಹಾನಿ ಮಾಡುವ ಮಾತಿಗೆ ಮಿತಿ ಹಾಕಬಹುದು ಅಂತಿದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಮಾನಹಾನಿಗೆ ಎರಡು ವರ್ಷದವರೆಗೆ ಶಿಕ್ಷೆ ಇದೆ. "ನಾನು ಹಾಕಿದ್ದು ನಿಜಾನೇ" ಅಂದರೆ ಅಲ್ಲಿ ಸಾಕಾಗಲ್ಲ. ಅದರಿಂದ ಸಾರ್ವಜನಿಕರಿಗೆ ಒಳ್ಳೆಯದಾಗಿದೆ ಅಂತಲೂ ತೋರಿಸಬೇಕು.

"ಕನ್ನಡಕದಿಂದ ಸಾರ್ವಜನಿಕರಿಗೆ ಏನು ಒಳ್ಳೆಯದಾಯ್ತಪ್ಪ?" ಅಂದೆ. ಅಮ್ಮ ನಕ್ಕರು. ಅವನು ನಗಲಿಲ್ಲ.

ಚಿಕ್ಕಪ್ಪನಿಗೆ ಭಜನಾ ಮಂಡಳಿಯ ಗೆಳೆಯರು ಪೊಲೀಸ್ ಕಂಪ್ಲೇಂಟ್ ಕೊಡು ಅಂದಿದ್ದರಂತೆ, ಧರ್ಮಕ್ಕೆ ಅವಮಾನ ಅಂತ. ಬೇಡ ಅಂದೆ. ಆ ಕಲಮು ಇರುವುದು ಒಂದು ಸಮುದಾಯದ ನಂಬಿಕೆಯನ್ನು ಬೇಕಂತಲೇ, ದುರುದ್ದೇಶದಿಂದ ಅವಮಾನಿಸಿದವರಿಗೆ. ಇಲ್ಲಿ ನೋವಾಗಿರುವುದು ಒಬ್ಬ ಮನುಷ್ಯನಿಗೆ. ಅದನ್ನು ಧರ್ಮದ ಲೆಕ್ಕಕ್ಕೆ ಬರೆದರೆ ಮನೆ ಒಡೆಯುತ್ತೆ ಅಷ್ಟೇ.

ಬೇರೆ ಬೇರೆಯಾಗಿ ಮಾತಾಡಿಸಿದಾಗ ಇನ್ನೊಂದು ವಿಷಯ ಹೊರಬಂತು. ಹುಡುಗನ ಅಪ್ಪ ಹೋದಮೇಲೆ ಅವನ ಇಂಜಿನಿಯರಿಂಗ್ ಫೀಸ್ ಕಟ್ಟಿದ್ದು ಇದೇ ಚಿಕ್ಕಪ್ಪ. ಆಗ ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ, "ಇವನಿಗೆ ಎಷ್ಟು ಸಬ್ಜೆಕ್ಟ್ ಬ್ಯಾಕ್ ಇದೆ ಗೊತ್ತಾ? ನನ್ನ ದುಡ್ಡು ನೀರಲ್ಲಿ ಹೋಮ" ಅನ್ನುತ್ತಿದ್ದರಂತೆ. ಈಗ ಮನೆ ನಡೆಯುತ್ತಿರುವುದು ಹುಡುಗನ ಸಂಬಳದಲ್ಲಿ. ಪರ್ಸ್ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಬಂತು, ಹಂಗಿಸೋ ಅಧಿಕಾರವೂ ಅದರ ಜೊತೆಗೇ ಬಂತು. ಇದನ್ನು ಸ್ವಾತಂತ್ರ್ಯ ಅಂತ ನಾನು ಒಪ್ಪಲ್ಲ. ಎದುರಿನವರು ಎದ್ದು ಹೋಗುವ ಸ್ಥಿತಿಯಲ್ಲಿದ್ದರೆ ಮಾತು ಬೇರೆ. ಅನ್ನ ನಿನ್ನದು, ಸೂರು ನಿನ್ನದು, ಅವರು ಎಲ್ಲಿಗೆ ಹೋಗಬೇಕು? ಇಷ್ಟನ್ನೇ ಅವನನ್ನು ಕೇಳಿದೆ. "ನಾನು ಓದುವಾಗ ನಾನೂ ಎಲ್ಲಿಗೂ ಹೋಗೋಕಾಗ್ತಿರಲಿಲ್ಲ" ಅಂದ. ಅದು ನಿಜವೇ. ಅದಕ್ಕೇ ಸಲಹೆ ಇಬ್ಬರಿಗೂ ಹೋಯಿತು.

ಹುಡುಗನಿಗೆ ಹೇಳಿದ್ದು: ನಿನ್ನ ಅಭಿಪ್ರಾಯಕ್ಕೆ ಕ್ಷಮೆ ಕೇಳಬೇಡ, ವಿಡಿಯೋಗೆ ಕೇಳು. "ಬೇಜಾರಾಗಿದ್ರೆ ಸಾರಿ" ಅನ್ನೋದು ಕ್ಷಮೆ ಅಲ್ಲ, ತಪ್ಪನ್ನು ಬೇಜಾರಾದವರ ತಲೆಗೇ ಕಟ್ಟೋದು. "ಕೇಳದೆ ವಿಡಿಯೋ ತೆಗೆದೆ, ಊರಿಗೆಲ್ಲ ತೋರಿಸಿದೆ, ತಪ್ಪಾಯ್ತು" ಅನ್ನು. ಗಂಡಿನ ಕಡೆಯವರಿಗೂ ನೀನೇ ಫೋನ್ ಮಾಡು, ಅಮ್ಮನ ಕೈಲಿ ಮಾಡಿಸಬೇಡ. ಜ್ಯೋತಿಷಿ ದುಡ್ಡಿನ ಬಗ್ಗೆ ಕೇಳು, ಜೋರಾಗಿಯೇ ಕೇಳು, ಆದರೆ ಅವರೊಬ್ಬರನ್ನೇ ಕೂರಿಸಿಕೊಂಡು. ಪೂಜೆಗೆ ಕೂತಾಗ ಬೇಡ, ನೆಂಟರ ಮುಂದೆ ಬೇಡ. (ಚಿಕ್ಕಪ್ಪನನ್ನು 'ನೀನು' ಅನ್ನೋದು ಬಿಡಬೇಕಾ ಅಂತ ಕೇಳಿದ. ಚಿಕ್ಕಂದಿನಿಂದ ಸಲಿಗೆಯಲ್ಲಿ ಹಾಗೇ ಕರೆದಿದ್ದಾನೆ, ಅವರಿಗೂ ಅದೇ ಇಷ್ಟ. ಬಿಡಬೇಡ ಅಂದೆ.)

ಚಿಕ್ಕಪ್ಪನಿಗೆ ಹೇಳಿದ್ದು ಸ್ವಲ್ಪ ಕಷ್ಟದ್ದು. "ದೊಡ್ಡವರು ಅನ್ನೋ ಕಾರಣಕ್ಕೆ ಮರ್ಯಾದೆ ಕೊಡಲಿ, ಸರಿ. ಆದರೆ ನಿಮ್ಮ ಲೆಕ್ಕವನ್ನು ಯಾರೂ ಕೇಳಬಾರದು ಅನ್ನೋದು ಮರ್ಯಾದೆ ಅಲ್ಲ. ಅವನು ಒಪ್ಪದಿದ್ದರೆ ಅದು ಅವಮಾನವೂ ಅಲ್ಲ. ಆ ಬ್ಯಾಕ್ ವಿಷಯಕ್ಕೆ ತಪ್ಪಾಯ್ತು ಅಂತ ನೀವೂ ಒಂದು ಸಲ ಬಾಯಿ ಬಿಟ್ಟು ಹೇಳಿಬಿಡಿ." ಬಹಳ ಹೊತ್ತು ಟೇಬಲ್ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಾ ಕೂತರು. ಆಮೇಲೆ, "ಅವನು ಓದಲಿ ಅಂತ ಹೇಳ್ತಿದ್ದೆ" ಅಂದರು. ಹುಡುಗನೂ "ಅವರು ತಿದ್ದಿಕೊಳ್ಳಲಿ ಅಂತ ಹಾಕಿದೆ" ಅಂದಿದ್ದ. ಇದನ್ನು ಹೇಳಿದಾಗ ಚಿಕ್ಕಪ್ಪ ಮುಖ ಸಿಂಡರಿಸಿದರು, ಆದರೆ ವಾದ ಮಾಡಲಿಲ್ಲ.

ಮುಂದಿನ ಸಲ ಬರುವಷ್ಟರಲ್ಲಿ ಹುಡುಗ ಫೋನ್ ಮಾಡಿದ್ದ, ಕ್ಷಮೆಯನ್ನೂ ಕೇಳಿದ್ದ. ಚಿಕ್ಕಪ್ಪ ಮಾತ್ರ ಬ್ಯಾಕ್ ವಿಷಯ ಇನ್ನೂ ಎತ್ತಿಲ್ಲ. ಊಟಕ್ಕೆ ಈಚೆ ಬರುತ್ತಾರಂತೆ, ವಾರದಲ್ಲಿ ಒಂದೆರಡು ದಿನ ಬಿಟ್ಟು. ಜ್ಯೋತಿಷಿ ಬಗ್ಗೆ ಇಬ್ಬರೂ ಈಗಲೂ ಕಿತ್ತಾಡುತ್ತಾರೆ, ಬಾಗಿಲು ಹಾಕಿಕೊಂಡು. ಅದನ್ನೂ ನಿಲ್ಲಿಸಿ ಮೇಡಂ ಅಂತ ಅಮ್ಮ ಕೇಳಿಕೊಂಡರು. ಅದು ನಿಲ್ಲಿಸಬೇಕಾದ ಜಗಳವೇ ಅಲ್ಲ ಅಂದೆ.