ಪಯೋಗ್ಲಿಟಜೋನ್ ಮಾತ್ರೆ ಟೈಪ್ 1 ಮಧುಮೇಹಕ್ಕೆ ಆದೀತೇ?

ಪ್ರಶ್ನೆ: ನನ್ನ ಹನ್ನೊಂದು ವರ್ಷದ ಮಗಳಿಗೆ ಟೈಪ್ 1 ಮಧುಮೇಹವಿದ್ದು, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾಳೆ. ಕೊಬ್ಬು, ಸಕ್ಕರೆಗಳ ಬಳಕೆಯನ್ನು ನಿಯಂತ್ರಿಸುವ ‘ನ್ಯೂಕ್ಲಿಯರ್ ರಿಸೆಪ್ಟರ್’ಗಳು ರೋಗನಿರೋಧಕ ಶಕ್ತಿಯನ್ನೂ ಹತೋಟಿಯಲ್ಲಿಡುತ್ತವೆಂದು ಓದಿದೆ. ಅವುಗಳ ಮೇಲೆ ಕೆಲಸ ಮಾಡುವ ಪಯೋಗ್ಲಿಟಜೋನ್ ಅವಳಿಗೂ ಉಪಯೋಗವಾದೀತೇ?

ಉತ್ತರ: ನೀವು ಓದಿದ್ದು ಸರಿಯಾಗಿಯೇ ಇದೆ, ಆದರೆ ಆ ಮಾತ್ರೆ ನಿಮ್ಮ ಮಗಳಿಗಲ್ಲ.

ನ್ಯೂಕ್ಲಿಯರ್ ರಿಸೆಪ್ಟರ್‌ಗಳು ಜೀವಕೋಶದೊಳಗಿನ ಗ್ರಾಹಕ ಪ್ರೋಟೀನುಗಳು. ಮನುಷ್ಯರಲ್ಲಿ ಇಂಥವು 48 ಇವೆ. ಅವುಗಳಲ್ಲಿ ಪಯೋಗ್ಲಿಟಜೋನ್ ಚುರುಕುಗೊಳಿಸುವ ಪಿಪಿಎಆರ್-ಗ್ಯಾಮಾ ಕೊಬ್ಬಿನಾಮ್ಲಗಳಿಗೆ, ಎಲ್‌ಎಕ್ಸ್‌ಆರ್ ಕೊಲೆಸ್ಟರಾಲ್‌ನಿಂದ ಹುಟ್ಟುವ ಸಂಯುಕ್ತಗಳಿಗೆ, ಎಫ್‌ಎಕ್ಸ್‌ಆರ್ ಪಿತ್ತಾಮ್ಲಗಳಿಗೆ ಸ್ಪಂದಿಸುತ್ತದೆ. ಹಾಗೆ ಸ್ಪಂದಿಸಿದಾಗ ಡಿಎನ್‌ಎ ಮೇಲೆ ಕುಳಿತು ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಬದಲಿಸುತ್ತವೆ. ಇವೇ ಗ್ರಾಹಕಗಳು ರೋಗನಿರೋಧಕ ಕೋಶಗಳಲ್ಲೂ ಇರುವುದರಿಂದಲೇ ಈ ನಂಟು.

ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ದೇಹದ ರೋಗನಿರೋಧಕ ಶಕ್ತಿಯೇ ದಾಳಿ ಮಾಡುತ್ತದೆ. ಈ ರೋಗ ಬೆಳೆಯುತ್ತಿರುವ ಇಲಿಯ ಮೇದೋಜೀರಕ ಗ್ರಂಥಿಯ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದರೆ, ಬೀಟಾ ಕೋಶಗಳಿರುವ ಸಣ್ಣ ದ್ವೀಪದ ಅಂಚಿನಲ್ಲಿ ಬಿಳಿ ರಕ್ತಕಣಗಳು ಮೊದಲು ಗುಂಪುಗೂಡಿ, ಆಮೇಲೆ ಒಳನುಗ್ಗುವುದು ಕಾಣುತ್ತದೆ. ಆ ಗುಂಪಿನಲ್ಲಿರುವ ಮ್ಯಾಕ್ರೋಫೇಜ್‌ಗಳಲ್ಲಿ ಪಿಪಿಎಆರ್-ಗ್ಯಾಮಾ ಚುರುಕಾದರೆ ಉರಿಯೂತದ ಜೀನ್‌ಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ತಗ್ಗುತ್ತದೆ. ತಾನಾಗಿಯೇ ಮಧುಮೇಹ ತಗಲುವ ಎನ್‌ಒಡಿ ಇಲಿಗಳಿಗೆ ಪಯೋಗ್ಲಿಟಜೋನ್‌ನ ವರ್ಗಕ್ಕೇ ಸೇರಿದ ಟ್ರೋಗ್ಲಿಟಜೋನ್ ಕೊಟ್ಟಾಗ ರೋಗ ಕಡಿಮೆ ಕಂಡಿತು. ಹಾಗೆಂದು ಇಡೀ ಕುಟುಂಬವೇ ಶಾಂತಿಪ್ರಿಯವೆಂದು ತಿಳಿಯಬೇಡಿ: ಆರ್‌ಒಆರ್-ಗ್ಯಾಮಾ-ಟಿ ಎಂಬ ಇನ್ನೊಂದು ಸದಸ್ಯ ಉರಿಯೂತ ಹೆಚ್ಚಿಸುವ ಟಿಎಚ್17 ಕೋಶಗಳನ್ನು ಬೆಳೆಸುತ್ತದೆ.

ಇಲಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಎಡವುವುದು ಈ ಕ್ಷೇತ್ರದಲ್ಲಿ ಮಾಮೂಲು. ಇದೇ ಕುಟುಂಬದ ವಿಟಮಿನ್ ಡಿ ಗ್ರಾಹಕಕ್ಕೆ ಅಂಟುವ ಕ್ಯಾಲ್ಸಿಟ್ರಿಯಾಲ್ ಎನ್‌ಒಡಿ ಇಲಿಗಳನ್ನು ಕಾಪಾಡಿತು. ಹೊಸದಾಗಿ ಟೈಪ್ 1 ತಗಲಿದವರ ಮೇಲಿನ ಪ್ರಯೋಗಗಳಲ್ಲಿ ಮಾತ್ರ ಅದು ಬೀಟಾ ಕೋಶಗಳ ಕೆಲಸವನ್ನು ಉಳಿಸಲಿಲ್ಲ. ಈಗ ನನಗೆ ಹೆಚ್ಚು ಕುತೂಹಲ ಹುಟ್ಟಿಸಿರುವುದು ಇದೇ ಕುಟುಂಬದ ಎಲ್‌ಆರ್‌ಎಚ್-1. ಅದನ್ನು ಪ್ರಚೋದಿಸುವ ಸಂಯುಕ್ತವೊಂದು ಇಲಿಗಳಲ್ಲಿ ದಾಳಿಯನ್ನು ತಗ್ಗಿಸುವುದರ ಜೊತೆಗೆ ಬೀಟಾ ಕೋಶಗಳನ್ನೂ ಉಳಿಸಿದೆ.

ಪಯೋಗ್ಲಿಟಜೋನ್ ಟೈಪ್ 2 ಇರುವ ವಯಸ್ಕರ ಔಷಧ. ಬೀಟಾ ಕೋಶಗಳೇ ನಾಶವಾದವರಲ್ಲಿ ಇನ್ಸುಲಿನ್‌ನ ಕೆಲಸ ಅದು ಮಾಡಲಾರದು. ಇನ್ಸುಲಿನ್ ಜೊತೆ ಸೇರಿದರೆ ದೇಹದಲ್ಲಿ ನೀರು ನಿಂತು ಊತ ಬರುವ ಸಂಭವವೂ ಹೆಚ್ಚು. ಈ ಮಾತ್ರೆಯನ್ನು ನಂಬಿ ಇನ್ಸುಲಿನ್ ಪ್ರಮಾಣವನ್ನು ಒಂದು ಯೂನಿಟ್‌ನಷ್ಟೂ ತಗ್ಗಿಸಬೇಡಿ. ಮಗಳಿಗೆ ಒಡಹುಟ್ಟಿದವರಿದ್ದರೆ, ಅವರ ರಕ್ತದಲ್ಲಿ ಬೀಟಾ ಕೋಶಗಳ ವಿರುದ್ಧ ಪ್ರತಿಕಾಯಗಳಿವೆಯೇ ಎಂದು ಪರೀಕ್ಷಿಸುವ ವಿಚಾರವನ್ನು ಮುಂದಿನ ಭೇಟಿಯಲ್ಲಿ ವೈದ್ಯರ ಬಳಿ ಪ್ರಸ್ತಾಪಿಸಿ.