ಅರವತ್ತಾರಕ್ಕೆ ಕುಡಿತ ಬಿಟ್ಟು ಏನು ಪ್ರಯೋಜನ ಡಾಕ್ಟರೇ?

ಪ್ರಶ್ನೆ: ನನಗೀಗ 66. ಮೂವತ್ತು ವರ್ಷದಿಂದ ಕುಡಿಯುತ್ತಿದ್ದೇನೆ. ಕೆಲಸದಲ್ಲಿದ್ದಾಗ ರಾತ್ರಿ ಎರಡು ಪೆಗ್, ಅಷ್ಟೇ. ನಿವೃತ್ತಿಯಾದ ಮೇಲೆ ಸಂಜೆಯೇ ಶುರುವಾಗಿ ಈಗ ಐದಾರಕ್ಕೆ ಬಂದಿದೆ. ಬಿಪಿಗೆ, ನಿದ್ದೆಗೆ ಮಾತ್ರೆ ಇದೆ. ಬೆಳಿಗ್ಗೆ ಕೈ ಸ್ವಲ್ಪ ನಡುಗುತ್ತದೆ. ಮಗಳು 'ಬಿಟ್ಟುಬಿಡಪ್ಪ' ಅಂತಾಳೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈ ವಯಸ್ಸಿಗೆ ಬಿಟ್ಟು ಏನು ಪ್ರಯೋಜನ?
– ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಗಾದೆಯ ವಿಷಯ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ಎರಡು ಪೆಗ್ ಐದಾರು ಆಗಿದ್ದು ನಿವೃತ್ತಿಯ ಮೇಲೆ. ಅಂದರೆ ಮರ ಆಗಲೇ ಬಗ್ಗಿದೆ, ಆ ಕಡೆಗೆ. ಈ ಕಡೆ ಬಗ್ಗಲ್ಲ ಅಂತ ಯಾಕೆ ಅಂದುಕೊಳ್ಳುತ್ತೀರಿ?

ಹಾಗಂತ ಇವತ್ತೇ ಬಾಟಲಿ ಸುರಿದುಬಿಡಬೇಡಿ. ಹೌದು, ಬೇಡಿ ಅಂತಾನೇ ಹೇಳುತ್ತಿದ್ದೇನೆ. ಬೆಳಗಿನ ಆ ನಡುಕ ನನಗೆ ಸರಿ ಕಾಣುತ್ತಿಲ್ಲ. ರಾತ್ರಿ ಕುಡಿದದ್ದು ಇಳಿಯುತ್ತಿದ್ದ ಹಾಗೆ ಮಿದುಳು ತನ್ನ ಪಾಲು ಕೇಳುವ ರೀತಿ ಅದು ಇರಬಹುದು. ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ಗಾಬರಿ ಶುರುವಾಗಬಹುದು. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದೆಲ್ಲ ಕಾಣಿಸಿ, ತಾನೆಲ್ಲಿದ್ದೇನೆ ಅನ್ನುವುದೇ ತಿಳಿಯದ ಸ್ಥಿತಿಗೂ ಹೋಗಬಹುದು. ಆಗ ಜೀವಕ್ಕೇ ಅಪಾಯ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಡಾಕ್ಟರ ಕಣ್ಣೆದುರು ಬಿಟ್ಟರೆ ಇದಕ್ಕೆಲ್ಲ ಒಳ್ಳೆ ಚಿಕಿತ್ಸೆ ಇದೆ. ಕೆಲವು ದಿನ ಮಾತ್ರೆ ಕೊಟ್ಟು, ನಿಧಾನಕ್ಕೆ ಇಳಿಸಿ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಜಾಸ್ತಿ ಕುಡಿಯುವವರಲ್ಲಿ ಇದು ಬರಿದಾಗಿ ನೆನಪಿನ ಶಕ್ತಿಗೆ ಪೆಟ್ಟು ಬೀಳುವುದುಂಟು.

ಎಷ್ಟು ಕುಡೀತೀರಿ ಅಂತ ಅವರು ಕೇಳಿದರೆ ನಿಜ ಹೇಳಿ. ಅರ್ಧ ಮಾಡಿ ಹೇಳುವವರೇ ಜಾಸ್ತಿ. ನಾವೂ ಮನಸ್ಸಲ್ಲೇ ದುಪ್ಪಟ್ಟು ಮಾಡಿಕೊಳ್ಳುತ್ತೇವೆ ಬಿಡಿ. ನಿದ್ದೆ ಮಾತ್ರೆಯ ವಿಷಯ ಮಾತ್ರ ಮರೆಯದೆ ಹೇಳಿ. ಮದ್ಯ, ನಿದ್ದೆ ಮಾತ್ರೆ ಎರಡೂ ಒಟ್ಟಿಗೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಆದರೆ ಆ ಮಾತ್ರೆಯನ್ನೂ ನೀವಾಗೇ ನಿಲ್ಲಿಸಬೇಡಿ.

ಇನ್ನು ಪ್ರಯೋಜನ. ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ. ಹಾಗಾಗಿ ನಲವತ್ತರಲ್ಲಿ ಕುಡಿದಷ್ಟೇ ಈಗ ಕುಡಿದರೂ ರಕ್ತದಲ್ಲಿ ಅದರ ಮಟ್ಟ ಜಾಸ್ತಿ ಏರುತ್ತದೆ. ಅಂದರೆ ನೀವು ಈಗ ಬಿಡುವ ಒಂದೊಂದು ಪೆಗ್ಗಿಗೂ ಆಗಿಗಿಂತ ಬೆಲೆ ಜಾಸ್ತಿ. ಕೆಲವೇ ವಾರದಲ್ಲಿ ಬಿಪಿ ಇಳಿಯಬಹುದು. ಮಾತ್ರೆಯ ಪ್ರಮಾಣ ಮತ್ತೆ ನೋಡಿಸಿ. ಲಿವರ್‌ನಲ್ಲಿ ಬರೀ ಕೊಬ್ಬು ತುಂಬಿದ್ದರೆ ಅದು ವಾರಗಳಲ್ಲಿ, ತಿಂಗಳುಗಳಲ್ಲಿ ಕರಗುತ್ತದೆ. ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಕಲೆಗಟ್ಟಿ ಗಟ್ಟಿಯಾಗುವುದು, ಆಗಿದ್ದರೆ ಆ ಗಾಯದ ಕಲೆ ಪೂರ್ತಿ ಹೋಗುವುದು ಕಷ್ಟ. ಆದರೂ ಬಿಟ್ಟವರು ಬಿಡದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ.

ನಿದ್ದೆ ಮಾತ್ರ ಮೊದಮೊದಲು ಸತಾಯಿಸುತ್ತದೆ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ನಿಜ. ಆದರೆ ರಾತ್ರಿಯ ಎರಡನೇ ಅರ್ಧವನ್ನು ಕೆಡಿಸುತ್ತದೆ. ಬಿಟ್ಟ ಮೇಲೂ ಕೆಲವು ವಾರ ನಿದ್ದೆ ಹದಕ್ಕೆ ಬರುವುದಿಲ್ಲ. ತುಂಬ ಜನ ಸೋಲುವುದು ಇಲ್ಲೇ. 'ಬಿಟ್ಟ ಮೇಲೆ ನಿದ್ದೆಯೇ ಹೋಯ್ತು' ಅಂತ ಮತ್ತೆ ಶುರು ಮಾಡುತ್ತಾರೆ.

ನನ್ನ ಹತ್ತಿರ ಬರುತ್ತಿದ್ದ 68ರ ಒಬ್ಬರಿಗೆ ಬ್ಯಾಂಕಿನಲ್ಲಿ ಸಹಿ ತಾಳೆಯಾಗುತ್ತಿರಲಿಲ್ಲ. ಅವರು ಬಿಡಲು ಬಂದದ್ದು ಆ ಅವಮಾನಕ್ಕೆ, ಲಿವರಿನ ಚಿಂತೆಗಲ್ಲ. ದಿನಾ ಬೆಳಿಗ್ಗೆ ಒಂದು ಹಾಳೆಯಲ್ಲಿ ಸಹಿ ಹಾಕಿ, ಕೆಳಗೆ ತಾರೀಕು ಬರೆಯುತ್ತಿದ್ದರು. ಮೊದಲ ಸಾಲುಗಳು ಬರೀ ಕಾಗೆ ಕಾಲು ಗುಬ್ಬಿ ಕಾಲು. ಐದನೇ ವಾರ ಹಾಳೆ ತಂದು ಮೇಜಿನ ಮೇಲಿಟ್ಟರು. ಕೊನೆಯ ಸಾಲಿನ ಸಹಿಗೆ ಬಾಲವೂ ಬಂದಿತ್ತು, ಅಡಿಗೆರೆಯೂ ಬಂದಿತ್ತು. 'ಇದು ನಂದೇ' ಅಂದರು.

ನಡುಗುವ ಕೈ ಅಂದಾಗ ಇನ್ನೊಬ್ಬರು ನೆನಪಾಗುತ್ತಾರೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರು ಡಾ. ಬಾಬ್ ಸ್ಮಿತ್. ಅಮೆರಿಕದ ಆಕ್ರನ್‌ನಲ್ಲಿ ಸರ್ಜನ್ ಆಗಿದ್ದರು. 1935ರ ಜೂನ್‌ನಲ್ಲಿ ಒಂದು ಬೆಳಿಗ್ಗೆ, ಆಪರೇಷನ್‌ಗೆ ಕೈ ನಿಲ್ಲಲಿ ಅಂತ ಬಿಯರ್ ಕುಡಿದರು. (ಆ ರೋಗಿಯನ್ನು ನೆನೆದರೆ ಪಾಪ ಅನ್ನಿಸುತ್ತದೆ!) ಅದೇ ಅವರ ಕೊನೆಯ ಕುಡಿತ. ಆಗ ಅವರಿಗೆ 55. 1950ರಲ್ಲಿ ತೀರಿಕೊಳ್ಳುವ ತನಕ ಮತ್ತೆ ಮುಟ್ಟಲಿಲ್ಲ.

ಇನ್ನೊಂದೇ ಮಾತು. ನಿಮ್ಮ ಪತ್ರದಲ್ಲಿ ಕಾಣುವುದು ಖಾಲಿ ಸಂಜೆ. ಅದಕ್ಕೇನಾದರೂ ಕೆಲಸ ಹಚ್ಚದೆ ಬರೀ ಬಾಟಲಿ ತೆಗೆದರೆ ಗಡಿಯಾರ ನೋಡುತ್ತಾ ಕೂರುತ್ತೀರಿ. ಕೂರುವ ಜಾಗ ಬದಲಿಸಿ, ಊಟ ಒಂದು ಗಂಟೆ ಮೊದಲೇ ಮಾಡಿ. ಹೊಟ್ಟೆ ತುಂಬಿದಾಗ ಆ ಸೆಳೆತದ ಜೋರು ಎಷ್ಟೋ ಜನರಿಗೆ ಕಡಿಮೆ.

ಪ್ರಶ್ನೆ: ನಮ್ಮ ಯಜಮಾನರಿಗೆ 70. ಮೂರು ತಿಂಗಳು ಬಿಟ್ಟಿದ್ದರು. ಮೊನ್ನೆ ಹಳೆ ಸ್ನೇಹಿತರ ಜೊತೆ ಒಂದು ದಿನ ಕುಡಿದು ಬಂದರು. ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಮಾತ್ರೆ ಇದೆಯಂತೆ. ಕೊಡಬಹುದಾ?

ಉತ್ತರ: ಖಂಡಿತ ಕೊಡಬೇಡಿ. ನೀವು ಕೇಳಿರುವುದು ಬಹುಶಃ ಡೈಸಲ್ಫಿರಾಂ. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು ಬಿಪಿ ಕುಸಿಯಬಹುದು. ಎಪ್ಪತ್ತರ ಹೃದಯಕ್ಕೆ ಅದು ಆಟವಲ್ಲ. ಕುಡಿಯುವವರಿಗೆ ಗೊತ್ತಿದ್ದು, ಒಪ್ಪಿದ್ದರೆ ಮಾತ್ರ ಕೊಡುವ ಔಷಧ ಅದು. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಲಿವರ್, ಕಿಡ್ನಿ ನೋಡಿ ಡಾಕ್ಟರು ಬರೆಯುತ್ತಾರೆ.

ಒಂದು ದಿನ ಕುಡಿದರೆ ಮೂರು ತಿಂಗಳು ಅಳಿಸಿಹೋಗುವುದಿಲ್ಲ. ಮತ್ತೆ ಅಲ್ಲಿಂದಲೇ ಮುಂದುವರಿಸಲಿ. ಆದರೆ ಹಳೆ ಲೆಕ್ಕದಲ್ಲಿ ಕುಡಿದರೆ ಈಗ ಜಾಸ್ತಿ ಹತ್ತುತ್ತದೆ, ಬೀಳುವ ಭಯ ಇದೆ. ಅದನ್ನು ಅವರಿಗೆ ಹೇಳಿ. ಸ್ನೇಹಿತರು ಮುಂದಿನ ಸಲ ಕರೆಯುವುದು ಯಾವಾಗ, ಆಗ ಏನು ಹೇಳಿ ತಪ್ಪಿಸಿಕೊಳ್ಳುವುದು ಅಂತ ಇಬ್ಬರೂ ಕೂತು ಈಗಲೇ ಮಾತಾಡಿಕೊಳ್ಳಿ. ಬೆಳಗ್ಗೆ ಹೊತ್ತು ಮಾತಾಡಿ. ಸಂಜೆಯಾದರೆ ಜಗಳವಾಗುತ್ತದೆ.