ಹೊಯ್ ಎಂದವರು, ಸಾಕು ಎಂದವರು

ಅರಸೀಕೆರೆಯ ಗೆಳೆಯರಿಗೆ ನಮಸ್ಕಾರ.

ನಿಮ್ಮ ‘ಮುಷ್ಟಿಯ ಮಹಾರಾಜರು’ ಲೇಖನ ನನ್ನ ಮೇಜಿಗೆ ಬಂದು ತಿಂಗಳಾಯಿತು. ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ವಿಶೇಷ ಸಂಚಿಕೆಯ ಕೆಲಸವೂ ತಲೆಯ ಮೇಲಿತ್ತು. ತಡವಾದುದಕ್ಕೆ ಕ್ಷಮೆಯಿರಲಿ. ಹನ್ನೆರಡು ಪುಟವನ್ನೂ ಮೂರು ಸಲ ಓದಿದ್ದೇನೆ, ಕೊನೆಯ ಸಲ ಪೆನ್ಸಿಲ್ ಹಿಡಿದು. ಈಗಿರುವ ಹಾಗೆ ಇದನ್ನು ಅಚ್ಚು ಮಾಡಲಾರೆ. ಹಾಗೆಂದು ‘ವಿಷಾದದಿಂದ ಹಿಂತಿರುಗಿಸಲಾಗಿದೆ’ ಎಂಬ ಒಂದು ಸಾಲು ಗೀಚಿ ಮುಗಿಸಲೂ ಮನಸ್ಸು ಒಪ್ಪಲಿಲ್ಲ. ನಿಮ್ಮ ಏಳನೆಯ ಪುಟದಲ್ಲಿ ನಾಲ್ಕು ಸಾಲುಗಳಿವೆ. ಅವುಗಳಿಗಾಗಿ ಇಷ್ಟುದ್ದದ ಪತ್ರ. ಅವುಗಳ ಮಾತಿಗೆ ಆಮೇಲೆ ಬರುತ್ತೇನೆ.

ವೃತ್ತಿಪರ ಬಾಕ್ಸಿಂಗನ್ನು ಜನ ಯಾಕೆ ನಿದ್ದೆಗೆಟ್ಟು ನೋಡುತ್ತಾರೆ ಎಂಬ ಪ್ರಶ್ನೆಯಿಂದ ಶುರು ಮಾಡಿದ್ದೀರಿ. ಒಳ್ಳೆಯ ಪ್ರಶ್ನೆ. ಆಮೇಲೆ ಮುಹಮ್ಮದ್ ಅಲಿ, ಫ್ರೇಜರ್, ಫೋರ್‌ಮನ್, ಟೈಸನ್ ಎಂಬ ವಿಶ್ವ ಚಾಂಪಿಯನ್ನರು ಒಬ್ಬೊಬ್ಬರಾಗಿ ಬರುತ್ತಾರೆ, ಹೊಡೆಯುತ್ತಾರೆ, ಹೋಗುತ್ತಾರೆ. ಕೊನೆಗೆ ನೀವು ಕೊಡುವ ಉತ್ತರ ‘ಇದು ಗಂಡೆದೆಯ ಆಟ’ ಎಂಬಷ್ಟೇ. ‘ಸಿಡಿಲಿನಂಥ ಹೊಡೆತ’ ಹನ್ನೊಂದು ಕಡೆ ಬಂದಿದೆ, ಗುರುತು ಹಾಕಿದ್ದೇನೆ. ಸಿಡಿಲು ಬಡಿದರೆ ಮರ ಏನಾಗುತ್ತದೆಂದು ಮಲೆನಾಡಿನ ಅಂಚಿನಲ್ಲಿರುವ ನಮಗೆ ಗೊತ್ತು. ಬಾಕ್ಸಿಂಗಿನಲ್ಲಿ ಆಗುವುದು ಬೇರೆ. ದವಡೆಯ ಪಕ್ಕಕ್ಕೆ ಹುಕ್, ಅಂದರೆ ಮೊಣಕೈ ಮಡಿಸಿ ಪಕ್ಕದಿಂದ ಬೀಸಿದ ಹೊಡೆತ, ಬಿದ್ದಾಗ ತಲೆ ಗಕ್ಕನೆ ತಿರುಗುತ್ತದೆ. ಒಳಗಿನ ಮಿದುಳು ಅದೇ ವೇಗದಲ್ಲಿ ತಿರುಗಲಾರದು. ಆ ಎಳೆತಕ್ಕೆ ಪ್ರಜ್ಞೆ ಆರುತ್ತದೆ. ಬಿದ್ದವನಿಗೆ ತಾನು ಬಿದ್ದದ್ದೇ ಗೊತ್ತಿರುವುದಿಲ್ಲ. ಬಲಪಕ್ಕೆಯ ಕೆಳಗೆ, ಯಕೃತ್ತಿಗೆ ತಗುಲಿದ ಪೆಟ್ಟಿನ ರೀತಿಯೇ ಬೇರೆ. ಅದು ಬಿದ್ದ ಮೇಲೂ ಒಂದು ಗಳಿಗೆ ಮನುಷ್ಯ ನಿಂತೇ ಇರುತ್ತಾನೆ, ಏನೂ ಆಗಿಲ್ಲವೆಂಬಂತೆ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ, ಆಮೇಲೆ ಮುಖ ಕಿವುಚಿ ಮೊಣಕಾಲೂರುತ್ತಾನೆ. ಪೂರ್ತಿ ಎಚ್ಚರವಿದ್ದೂ ಏಳಲಾಗುವುದಿಲ್ಲ. ಈ ಎರಡು ಬೀಳುಗಳನ್ನು ಬೇರೆಬೇರೆಯಾಗಿ ಕಂಡವನ ಕೈಯಿಂದ ‘ಸಿಡಿಲಿನಂಥ’ ಎಂಬ ಮಾತು ಬರುವುದಿಲ್ಲ. ನೀವು ಕಂಡಿರಬೇಕು ಎಂದೇ ನನ್ನ ಎಣಿಕೆ. ಬರೆದಿಲ್ಲ ಅಷ್ಟೇ.

ಕೆಲವು ತಪ್ಪುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಶ್ವ ಪಟ್ಟದ ಪಂದ್ಯ 15 ಸುತ್ತು ಎಂದಿದ್ದೀರಿ, ಈಗ 12. ಗ್ಲೌಸ್ ತಲೆಯನ್ನು ಕಾಪಾಡುತ್ತದೆ ಎಂದಿದ್ದೀರಿ; ಅದು ಮುಖ್ಯವಾಗಿ ಕಾಪಾಡುವುದು ಹೊಡೆಯುವವನ ಕೈಮೂಳೆಗಳನ್ನು. ಬರಿಗೈಯಲ್ಲಿ ತಲೆಬುರುಡೆಗೆ ಗುದ್ದುತ್ತ ಹೋದವನ ಮೂಳೆ ಬೇಗ ಮುರಿಯುತ್ತದೆ, ಗ್ಲೌಸ್ ತೊಟ್ಟವನು ಕೊನೆಯ ಸುತ್ತಿನವರೆಗೂ ತಲೆಗೇ ಹೊಡೆಯಬಹುದು. ಅಲಿ ತನ್ನ ರೋಮ್ ಒಲಿಂಪಿಕ್ಸ್ ಪದಕವನ್ನು ಓಹಾಯೋ ನದಿಗೆ ಎಸೆದದ್ದನ್ನು ಪಕ್ಕದಲ್ಲೇ ನಿಂತು ನೋಡಿದಂತೆ ಒಂದು ಪುಟ ಬರೆದಿದ್ದೀರಿ. ಅದು ಅವನ ಆತ್ಮಕಥೆಯಲ್ಲಿ ಬಂದ ಕಥೆ. ಅವನ ಹತ್ತಿರದವರೇ ಒಪ್ಪಿಲ್ಲ, ಪದಕ ಕಳೆದುಹೋಗಿತ್ತು ಎಂದಿದ್ದಾರೆ. ಕಥೆಯೆಂದು ಹೇಳಿ ಬರೆಯಿರಿ, ಇಲ್ಲವೇ ಬಿಡಿ. ಕಳುವಾದ ಸೈಕಲ್ಲಿನ ಪ್ರಸಂಗ ಮಾತ್ರ ಗಟ್ಟಿಯಾದದ್ದು. 1954, ಅಮೆರಿಕದ ಲೂಯಿವಿಲ್ ಊರು, ಹನ್ನೆರಡು ವರ್ಷದ ಹುಡುಗ ಅಲಿ. ಕಳ್ಳ ಸಿಕ್ಕರೆ ಬಾರಿಸುತ್ತೇನೆಂದು ಅಳುತ್ತ ದೂರು ಹೇಳಿದ್ದು ಜೋ ಮಾರ್ಟಿನ್ ಎಂಬ ಪೊಲೀಸನಿಗೆ. ಆ ಪೊಲೀಸ್ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದ. ಬಾರಿಸುವ ಮೊದಲು ಬಾರಿಸುವುದನ್ನು ಕಲಿ ಎಂದ. ಇಂಥದ್ದನ್ನು ನೀವು ಅರ್ಧ ಸಾಲಿನಲ್ಲಿ ದಾಟಿದ್ದೀರಲ್ಲ!

ನನ್ನ ದೊಡ್ಡ ತಕರಾರು ಜೋ ಫ್ರೇಜರ್ ಬಗ್ಗೆ. ಅವನನ್ನು ಖಳನಾಯಕ ಮಾಡಿಬಿಟ್ಟಿದ್ದೀರಿ. ಸೌತ್ ಕೆರೊಲಿನಾದ ಬಡ ರೈತರ ಮನೆಯ ಹುಡುಗ. ಚಿಕ್ಕಂದಿನಲ್ಲಿ ಹಂದಿ ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈಗೆ ಪೆಟ್ಟಾಯಿತು, ವೈದ್ಯರಿಗೆ ತೋರಿಸಲು ದುಡ್ಡಿರಲಿಲ್ಲ, ಕೈ ಸೊಟ್ಟಗೇ ಕೂಡಿಕೊಂಡಿತು ಎಂದು ಅವನೇ ಹೇಳಿಕೊಂಡಿದ್ದಾನೆ. ನೆಟ್ಟಗೆ ಚಾಚಲು ಬಾರದ ಆ ಕೈಯೇ ಹುಕ್ ಹೊಡೆಯುವ ಕೈಯಾಯಿತು. ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ಕೆಲಸ ಮಾಡುತ್ತ, ನೇತುಹಾಕಿದ ದನದ ಮಾಂಸಕ್ಕೇ ಗುದ್ದಿ ಅಭ್ಯಾಸ ಮಾಡುತ್ತಿದ್ದ. 1964ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ ಚಿನ್ನ. ಯುದ್ಧಕ್ಕೆ ಹೋಗಲೊಲ್ಲೆನೆಂದ ಅಲಿಯ ಪಟ್ಟವನ್ನೂ ಲೈಸೆನ್ಸನ್ನೂ ಕಿತ್ತುಕೊಂಡ ದಿನಗಳಲ್ಲಿ ಅವನ ಕೈಗೆ ಹಣ ಕೊಟ್ಟವನು, ಅವನಿಗೆ ಮತ್ತೆ ಆಡಲು ಬಿಡಿ ಎಂದು ಮಾತಾಡಿದವನು ಇದೇ ಫ್ರೇಜರ್. ಅದೇ ಅಲಿ ಆಮೇಲೆ ಪಂದ್ಯಕ್ಕೆ ಜನ ಸೇರಿಸಲು ಫ್ರೇಜರ್‌ನನ್ನು ಗೊರಿಲ್ಲಾ ಎಂದು ಊರೆಲ್ಲ ಹಂಗಿಸಿದ. ಆ ಗಾಯ ಬಹಳ ಕಾಲ ಮಾಯಲಿಲ್ಲ. ಅಲಿಯನ್ನು ನಾನೂ ಪ್ರೀತಿಸುತ್ತೇನೆ. ಪ್ರೀತಿಸುವುದರಿಂದಲೇ ಹೇಳುತ್ತಿದ್ದೇನೆ, ಇದನ್ನು ಬಿಟ್ಟು ಅಲಿಯನ್ನು ಬರೆದರೆ ಕ್ಯಾಲೆಂಡರಿನ ಚಿತ್ರವಾಗುತ್ತದೆ.

ಈಗ ನಾನು ನಿಜಕ್ಕೂ ಹೇಳಬೇಕೆಂದಿರುವುದು. ಸುತ್ತು ಮೂರು ನಿಮಿಷ, ವಿರಾಮ ಒಂದು ನಿಮಿಷ. ನಿಮ್ಮ ಹನ್ನೆರಡು ಪುಟಗಳಲ್ಲಿ ಆ ಒಂದು ನಿಮಿಷ ಒಮ್ಮೆಯೂ ಬಂದಿಲ್ಲ. ಗಂಟೆ ಬಾರಿಸಿತು ಎನ್ನುತ್ತೀರಿ, ಮುಂದಿನ ಸಾಲಿನಲ್ಲೇ ಮತ್ತೆ ಗಂಟೆ ಬಾರಿಸುತ್ತದೆ. ನಡುವೆ ಒಬ್ಬ ಸ್ಟೂಲು ಇಡುತ್ತಾನೆ, ಒಬ್ಬ ಬಾಯಿಗೆ ನೀರು ಹಾಕುತ್ತಾನೆ. ಇನ್ನೊಬ್ಬ ಹುಬ್ಬಿನ ಗಾಯಕ್ಕೆ ಅಡ್ರಿನಲಿನ್ ಅದ್ದಿದ ಹತ್ತಿ ಒತ್ತಿ ಹಿಡಿಯುತ್ತಾನೆ, ಬಾತುಕೊಂಡ ಕಣ್ಣ ಕೆಳಗೆ ಮಂಜುಗಡ್ಡೆಯಲ್ಲಿಟ್ಟ ಲೋಹದ ತುಂಡನ್ನು ಅದುಮುತ್ತಾನೆ, ಮುಖಕ್ಕೆ ವ್ಯಾಸಲೀನ್ ಬಳಿಯುತ್ತಾನೆ. ಗುರುವಿಗೆ ಸಿಗುವುದು ಎರಡು ಮಾತಾಡುವಷ್ಟು ಸಮಯ. ಅಷ್ಟರಲ್ಲಿ ಅವನು ಹುಡುಗನ ಕಣ್ಣು ನೋಡಿ ತೀರ್ಮಾನ ಮಾಡಬೇಕು, ಮತ್ತೆ ಕಳಿಸುವುದೋ ಬೇಡವೋ.

1975ರ ಅಕ್ಟೋಬರ್ 1ರ ಮನಿಲಾ ಪಂದ್ಯವನ್ನು ಎರಡು ಪುಟ ಬರೆದಿದ್ದೀರಿ, ಫ್ರೇಜರ್‌ನ ಗುರು ಎಡಿ ಫಚ್ ಅವರ ಹೆಸರೇ ಇಲ್ಲ. ಹದಿನಾಲ್ಕು ಸುತ್ತು ಮುಗಿದಿತ್ತು, ಬೆಂಕಿಯಂಥ ಸೆಕೆ. ಫ್ರೇಜರ್‌ನ ಎಡಗಣ್ಣು ಮೊದಲಿಂದಲೇ ಮಂಜು, ಆ ಹೊತ್ತಿಗೆ ಬಲಗಣ್ಣೂ ಊದಿ ಮುಚ್ಚಿತ್ತು. ಅಲಿಯ ಬಲಗೈ ಬರುವುದೇ ಅವನಿಗೆ ಕಾಣುತ್ತಿರಲಿಲ್ಲ. ಉಳಿದದ್ದು ಒಂದೇ ಸುತ್ತು. ಬೇಡವೆಂದು ಫ್ರೇಜರ್ ತಡೆದರೂ ಫಚ್ ಪಂದ್ಯ ನಿಲ್ಲಿಸಿದರು. ಎದುರು ಮೂಲೆಯಲ್ಲಿ ಅಲಿಯೂ ನಿಲ್ಲಲಾರದ ಸ್ಥಿತಿಯಲ್ಲಿದ್ದ, ಗೆದ್ದೆನೆಂದು ತಿಳಿದ ಮೇಲೆ ಕುಸಿದ. ಇನ್ನೊಂದು ಸುತ್ತು ಬಿಟ್ಟಿದ್ದರೆ ಫ್ರೇಜರ್ ಗೆಲ್ಲುತ್ತಿದ್ದನೇನೋ ಎಂದು ಇವತ್ತಿಗೂ ವಾದಿಸುವವರಿದ್ದಾರೆ. ರಿಂಗಿನಲ್ಲಿ ಪೆಟ್ಟು ತಿಂದು ಸತ್ತವರನ್ನು ಫಚ್ ಕಂಡಿದ್ದರು. ಇವನಿಗೆ ಮಕ್ಕಳಿದ್ದಾರೆ ಎನ್ನುವುದೂ ಅವರಿಗೆ ಗೊತ್ತಿತ್ತು. ನನ್ನ ಮಟ್ಟಿಗೆ ಆ ಬೆಳಗಿನ ಅತ್ಯಂತ ಗಟ್ಟಿ ಎದೆಯ ಕೆಲಸ ಸ್ಟೂಲಿನ ಪಕ್ಕದಲ್ಲಿ ನಡೆಯಿತು, ಹಗ್ಗದೊಳಗಿನ ಮೂರು ನಿಮಿಷಗಳಲ್ಲಿ ನಡೆಯಲಿಲ್ಲ.

ನಮ್ಮ ಕಡೆಯವರಿಗೆ ಇದು ಹೊಸದಾಗಿ ಹೊಳೆಯಬೇಕಾದ ವಿಷಯವಲ್ಲ. ಬೇಲೂರಿಗೆ ಶಾಲೆಯಿಂದ ಪ್ರವಾಸ ಹೋದಾಗ ಗುಡಿಯ ಬಾಗಿಲ ಬದಿಯಲ್ಲಿ ಹುಲಿಯೊಡನೆ ಸೆಣಸುವ ಸಳನನ್ನು ನೋಡಿರುತ್ತೀರಿ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಅಂದಿನ ಸೊಸೆವೂರಿನಲ್ಲಿ, ಹುಲಿ ಮೇಲೆರಗಿದಾಗ ಸುದತ್ತ ಮುನಿ ‘ಹೊಯ್ ಸಳ’ ಎಂದು ಕೂಗಿದರಂತೆ, ಸಳ ಹೊಯ್ದನಂತೆ, ಒಂದು ರಾಜವಂಶಕ್ಕೆ ಹೆಸರು ಬಂತು. ಚರಿತ್ರೆಯೋ ಐತಿಹ್ಯವೋ ವಿದ್ವಾಂಸರು ನೋಡಿಕೊಳ್ಳಲಿ. ಹೊಡೆದವನ ಹೆಸರಿನ ಹಿಂದೆ ಹೊಡೆ ಎಂದವರ ಕೂಗೂ ಅಂಟಿಕೊಂಡಿದೆಯಲ್ಲ, ನನಗೆ ಅದು ದೊಡ್ಡದು. ಕಲ್ಲಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಸಳ ಮತ್ತು ಹುಲಿ. ಮುನಿಯ ದನಿ ಹೆಸರಿನಲ್ಲಿ ಉಳಿದಿದೆ. ನಿಮ್ಮ ಲೇಖನ ಆ ಕಲ್ಲಿನ ಹಾಗಿದೆ, ದನಿ ಕೇಳಿಸುವುದಿಲ್ಲ.

ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದ ಬಗ್ಗೆಯೂ ಯೋಚಿಸಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಆಯುಧ ತೊಟ್ಟು ಇಳಿಯುತ್ತಾರೆ, ಒಬ್ಬನ ನೆತ್ತಿಯಲ್ಲಿ ಮೊದಲ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ನೋಡಲು ಎಷ್ಟು ಭಯಂಕರವಾದರೂ ಅಲ್ಲಿ ಗೆರೆಯನ್ನು ಕಟ್ಟಳೆಯೇ ಎಳೆದಿಟ್ಟಿದೆ. ವೃತ್ತಿಪರ ಬಾಕ್ಸಿಂಗಿನಲ್ಲಿ ರಕ್ತ ಬಂದರೆ ಒರೆಸಿ ಮತ್ತೆ ಕಳಿಸುತ್ತಾರೆ. ಗೆರೆಯನ್ನು ಆ ಹೊತ್ತಿಗೆ ಅಲ್ಲಿರುವ ಒಬ್ಬ ರೆಫರಿ, ಒಬ್ಬ ವೈದ್ಯ, ಒಬ್ಬ ಗುರು ಎಳೆಯಬೇಕು. ಎಳೆಯುವುದು ತಡವಾದರೆ ಏನಾಗುತ್ತದೆ? 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ರೇ ಮ್ಯಾನ್ಸಿನಿಯ ಎದುರು ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ 14ನೆಯ ಸುತ್ತಿನಲ್ಲಿ ಬಿದ್ದ. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು, ಕೆಲವೇ ದಿನಗಳಲ್ಲಿ ತೀರಿಕೊಂಡ. ವರ್ಷ ತುಂಬುವುದರೊಳಗೆ ಅವನ ತಾಯಿಯೂ ಆ ಪಂದ್ಯದ ರೆಫರಿಯೂ ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಪಟ್ಟದ ಪಂದ್ಯಗಳು 15ರಿಂದ 12 ಸುತ್ತಿಗೆ ಇಳಿದದ್ದು ಆ ಸಾವಿನ ನಂತರ. ನಿಮ್ಮ ಅಂಕಿಯ ತಪ್ಪನ್ನು ನಾನು ಅಷ್ಟು ದೊಡ್ಡದು ಮಾಡಿದ್ದು ಇದಕ್ಕೇ.

ಸಾಕು ಎಂದರೂ ಕೇಳದವರ ಕಥೆಯೂ ಇದೆ, ಅದು ಅಲಿಯದೇ. ಅವನ ವೈದ್ಯ ಫರ್ಡಿ ಪಚೆಕೊ 1977ರಲ್ಲಿ ಇನ್ನು ನಿಲ್ಲಿಸು ಎಂದರು, ಅವನು ನಿಲ್ಲಿಸಲಿಲ್ಲ, ಅವರು ಬಿಟ್ಟು ಹೋದರು. 1980ರ ಅಕ್ಟೋಬರ್‌ನಲ್ಲಿ, ಹಿಂದೆ ಅವನಿಗೇ ಅಭ್ಯಾಸದ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸ್ ಹತ್ತು ಸುತ್ತು ಹೊಡೆದ. ಅಲಿಯ ಗುರು ಏಂಜೆಲೋ ಡಂಡೀ ಪಂದ್ಯ ನಿಲ್ಲಿಸಿದರು. ಗೆದ್ದ ಹೋಮ್ಸ್ ಅತ್ತ. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಮಾತು ಹೊರಬಿತ್ತು. ನಿಮ್ಮ ಲೇಖನದ ಅಲಿ 1974ರ ಕಿನ್ಷಾಸಾದಲ್ಲಿ ಫೋರ್‌ಮನ್‌ನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿ ಅಲ್ಲೇ ನಿಂತುಬಿಟ್ಟಿದ್ದಾನೆ. ಅಂದು ಅವನು ಹಗ್ಗಕ್ಕೆ ಒರಗಿ, ಕೈ ಅಡ್ಡ ಹಿಡಿದು, ಎದುರಾಳಿ ದಣಿಯಲೆಂದು ತಿಂದ ಪೆಟ್ಟುಗಳನ್ನು ನೀವು ‘ಚಾಣಾಕ್ಷ ತಂತ್ರ’ ಎಂದು ಹೊಗಳಿದ್ದೀರಿ. ಹೌದು, ತಂತ್ರವೇ. ಆದರೆ ತಿಂದ ಪೆಟ್ಟು ಎಲ್ಲಿ ಹೋಗುತ್ತದೆ?

ಹಾಗಾದರೆ ಇದನ್ನು ನೋಡುವುದೇ ತಪ್ಪೇ ಎಂದು ಕೇಳುತ್ತೀರಿ. ನಾನು ನೋಡುತ್ತೇನೆ. ನಮ್ಮ ತಂದೆ ಹೊಳೆನರಸೀಪುರದ ಕಡೆ ಗರಡಿಯಲ್ಲಿ ಸಾಮು ಮಾಡಿದವರು. ಜಾತ್ರೆಯ ಕುಸ್ತಿಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಚಿತ್ ಆದ ಕೂಡಲೇ ಜನ ಗೆದ್ದ ಪೈಲ್ವಾನನ ಕಡೆ ನುಗ್ಗುತ್ತಿದ್ದರು, ತಂದೆ ನನ್ನ ಕಾಲು ತಟ್ಟಿ ‘ಆ ಕಡೆ ನೋಡೋ’ ಎನ್ನುತ್ತಿದ್ದರು. ಆ ಕಡೆ ಸೋತವನ ಬೆನ್ನಿಗೆ ಅಂಟಿದ ಮಟ್ಟಿಯ ಮಣ್ಣನ್ನು ಅವನ ಉಸ್ತಾದರು ತಮ್ಮ ಹೆಗಲ ಟವಲಿನಿಂದ ಒರೆಸುತ್ತಿದ್ದರು, ಒಂದು ಮಾತೂ ಆಡದೆ. ಬಾಕ್ಸಿಂಗ್ ನೋಡುವಾಗಲೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಅಲ್ಲಿ ಮುಚ್ಚಿಡಲು ಏನೂ ಇಲ್ಲ. ಒಬ್ಬ ಮನುಷ್ಯನಿಗೆ ಎಷ್ಟು ಭಯವಾಗಿದೆ, ಎಷ್ಟು ಉಸಿರು ಉಳಿದಿದೆ, ಅವನ ಮೇಲೆ ಇನ್ನೊಬ್ಬನಿಗೆ ಎಷ್ಟು ಮಮತೆಯಿದೆ ಎಲ್ಲವೂ ಆ ಒಂದು ನಿಮಿಷದಲ್ಲಿ ಬೆಳಕಿನಡಿ ಕಾಣುತ್ತದೆ. ಬೇರೆ ಯಾವ ಆಟದಲ್ಲೂ ನಾನು ಇದನ್ನು ಇಷ್ಟು ಹತ್ತಿರದಿಂದ ಕಂಡಿಲ್ಲ.

ಮಹಾರಾಜರನ್ನು ಮಾತ್ರ ಬರೆಯುವ ಹಟವನ್ನೂ ಬಿಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ ಎಂಬಾತ 300 ಪಂದ್ಯ ಆಡಿದ, 256 ಸೋತ. 32 ಗೆಲುವು, 12 ಸಮ. ಬೆಳೆಯುತ್ತಿರುವ ಹುಡುಗರಿಗೆ ಎದುರಾಳಿ ಬೇಕಾದಾಗ ಕರೆ ಬರುತ್ತಿದ್ದುದು ಇಂಥವರಿಗೆ. ಸೋಲಬಹುದು, ಆದರೆ ನಾಕೌಟ್ ಆಗಬಾರದು. ನಾಕೌಟ್ ಆದವನು ಕೆಲವು ವಾರ ರಿಂಗಿಗೆ ಇಳಿಯುವಂತಿಲ್ಲ, ಆ ವಾರಗಳ ಸಂಪಾದನೆ ಹೋಯಿತು. ಹಾಗಾಗಿ ಪೆಟ್ಟು ತಪ್ಪಿಸಿಕೊಳ್ಳುವ ವಿದ್ಯೆಯಲ್ಲಿ ಇವರನ್ನು ಮೀರಿಸುವವರು ಕಡಿಮೆ. 2008ರಲ್ಲಿ ತನ್ನ ಮುನ್ನೂರನೆಯ, ಕೊನೆಯ ಪಂದ್ಯವನ್ನು ಬಕ್ಲಿ ಗೆದ್ದ. ನಮ್ಮವರಲ್ಲಿ ಭಿವಾನಿಯ ಬಸ್ ಚಾಲಕರ ಮಗ ವಿಜೇಂದರ್ ಸಿಂಗ್ ಇದ್ದಾರೆ; 2008ರ ಬೀಜಿಂಗ್ ಕಂಚು ಗೆದ್ದು, 2015ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವೃತ್ತಿಪರ ರಿಂಗಿಗೆ ಇಳಿದವರು. ಮೂರು ಸುತ್ತಿನ ಆಟ ಬಿಟ್ಟು ಉದ್ದದ ಆಟಕ್ಕೆ ಮೈಯನ್ನು ಒಗ್ಗಿಸುವುದು ಎಂದರೇನು ಎಂಬುದನ್ನು ಅವರ ಮೂಲಕ ಬರೆಯಬಹುದಿತ್ತು. ನಿಮ್ಮಲ್ಲಿ ಅವರ ಹೆಸರೂ ಇಲ್ಲ.

ಇನ್ನು ಏಳನೆಯ ಪುಟ. ನಿಮ್ಮ ಸಾಲುಗಳನ್ನೇ ಇಲ್ಲಿ ಇಳಿಸುತ್ತೇನೆ: ‘ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ನಾನೂ ಎಂಟು ತಿಂಗಳು ಗ್ಲೌಸ್ ಹಾಕಿದ್ದೆ. ಒಂದು ಶನಿವಾರ ಸ್ಪಾರಿಂಗಿನಲ್ಲಿ ಮೂಗಿಗೆ ಬಿತ್ತು. ಕೋಚ್ ಹತ್ತಿ ತುರುಕಿ ಇವತ್ತಿಗೆ ಸಾಕು ಅಂದರು. ಸೋಮವಾರ ನಾನು ಹೋಗಲಿಲ್ಲ, ಮತ್ತೆಂದೂ ಹೋಗಲಿಲ್ಲ.’ ಇಷ್ಟು ಬರೆದು ಮುಂದಿನ ವಾಕ್ಯದಲ್ಲೇ ಟೈಸನ್‌ಗೆ ಹಾರಿದ್ದೀರಿ. ಈ ನಾಲ್ಕು ಸಾಲುಗಳಲ್ಲಿ ಒಂದೂ ವಿಶೇಷಣವಿಲ್ಲ, ಗಮನಿಸಿದಿರಾ? ಯಾಕೆ ಹೋಗಲಿಲ್ಲ? ನೋವಿಗೋ, ಸಾಕು ಎಂದವರ ಮೇಲಿನ ಸಿಟ್ಟಿಗೋ? ಇನ್ನೊಂದು ಸುತ್ತು ಆಡಬಲ್ಲೆ ಎಂದು ನಿಮಗೆ ಅನಿಸಿತ್ತೇ? ಭಾನುವಾರ ಏನು ಮಾಡಿದಿರಿ? ಮನೆಯವರಿಗೆ ಮೂಗಿನ ಬಗ್ಗೆ ಏನೆಂದು ಹೇಳಿದಿರಿ? ಅಲ್ಲಿಂದ ಶುರು ಮಾಡಿ. ಮನಿಲಾ ತಾನಾಗಿ ಬರುತ್ತದೆ, ಕರೆಯಬೇಕಿಲ್ಲ. ಹನ್ನೆರಡು ಪುಟ ಬೇಡ, ಆರು ಸಾಕು.

ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ತಿದ್ದಿದ್ದನ್ನು ಅಂಚೆಗೆ ಹಾಕಬೇಡಿ, ಅರಸೀಕೆರೆಯಿಂದ ಹಾಸನ ಎಷ್ಟು ದೂರ, ಕೈಯಲ್ಲೇ ತಂದುಕೊಡಿ. ಮಧ್ಯಾಹ್ನದ ಮೇಲೆ ಕಚೇರಿಯಲ್ಲೇ ಇರುತ್ತೇನೆ, ಕೂತು ಮಾತಾಡೋಣ. ಬರೆಯಲು ಕೂರುವ ಮೊದಲು ಆ ಕೋಚ್‌ಗೆ ಒಂದು ಫೋನ್ ಮಾಡಿ. ಏಳನೆಯ ಪುಟದಲ್ಲಿ ಅವರ ಹೆಸರು ಬರೆಯಲು ಪೆನ್ಸಿಲಿನಲ್ಲಿ ಜಾಗ ಗುರುತು ಮಾಡಿಟ್ಟಿದ್ದೇನೆ.